ಅಪೀಲಿನಲ್ಲಿ ಇಲ್ಲದ ಹೆಸರು

ಮದುವೆಯಾಗಿ ನವಲಗುಂದ ತಾಲೂಕಿನ ಹಳ್ಳಿಗೆ ಬಂದ ಮೇಲೆ ನನ್ನ ಇಂಗ್ಲಿಷಿಗೆ ಹೆಚ್ಚು ಕೆಲಸ ಉಳಿದಿರಲಿಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ತಿದ್ದಿ ಕಲಿಸಿದ್ದು ಔಷಧಿ ಬಾಟಲಿಯ ಚೀಟಿ ಓದುವುದಕ್ಕೆ, ಓಣಿಯಲ್ಲಿ ಯಾರಿಗಾದರೂ ತಂತಿ ಬಂದರೆ ಬಾಗಿಲಲ್ಲಿ ನಿಂತವರಿಗೆ ಮೊದಲು "ಯಾರೂ ಸತ್ತಿಲ್ಲ, ಕುಂದರ್ರಿ" ಎಂದು ಹೇಳಿ ಆಮೇಲೆ ಉಳಿದದ್ದನ್ನು ಓದುವುದಕ್ಕೆ ಸಾಕಾಗುತ್ತಿತ್ತು. ಎಂಬತ್ತರ ದಶಕದ ನಡುವಿನ ಒಂದು ಶ್ರಾವಣದ ಮಧ್ಯಾಹ್ನ ಕುರಿಗಾರರ ಹೆಣ್ಣುಮಗಳೊಬ್ಬಳು ಹಿತ್ತಲ ಬಾಗಿಲಿಗೆ ಬಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ಹೊರಗೆ ತೆಗೆದಾಗಲೂ ಅದು ಆಸ್ಪತ್ರೆಯ ಚೀಟಿಯೇ ಇರಬೇಕೆಂದುಕೊಂಡೆ.

ಅವಳನ್ನು ನಾನು ಬಲ್ಲೆ. ಪ್ರತಿವರ್ಷ ಹಿಂಗಾರಿ ಜೋಳ ಕೊಯ್ದು ಹೊಲ ಖಾಲಿಯಾದ ಮೇಲೆ ಅವಳೂ ಅವಳ ಗಂಡನೂ ತಮ್ಮ ಹಿಂಡನ್ನು ನಮ್ಮ ಎರೆಹೊಲದಲ್ಲಿ ತಂದು ನಿಲ್ಲಿಸುತ್ತಿದ್ದರು. ಕುರಿ ನಿಂತ ನೆಲಕ್ಕೆ ಬೇರೆ ಗೊಬ್ಬರ ಬೇಡ. ಒಂದು ರಾತ್ರಿ ಒಂದು ಮೂಲೆ, ಮರುದಿನ ಬಾಜೂಕಿನ ಪಟ್ಟಿ, ಹೀಗೆ ಸರಿಸುತ್ತ ಹೊಲವನ್ನೆಲ್ಲ ಮುಗಿಸುತ್ತಿದ್ದರು. ಮೊದಲ ಸಂಜೆ ಹೊಲದ ಧಣಿಯೇ ಹೋಗಿ ಇಲ್ಲಿಂದ ಸುರು ಮಾಡಿ ಎಂದು ಜಾಗ ತೋರಿಸಬೇಕು, ಅದು ಪದ್ಧತಿ. ಆ ವರ್ಷದ ಬೇಸಿಗೆಯಲ್ಲಿ ಅವರು ಬಂದಿರಲಿಲ್ಲ. ಕುಂದಗೋಳ ಕಡೆಯ ಒಂದು ಹಳ್ಳಿಯಲ್ಲಿ ಯಾರೋ ಒಬ್ಬನನ್ನು ಬಡಿಗೆಯಿಂದ ಹೊಡೆದು ಕೊಂದರಂತೆ, ಇವಳ ಗಂಡನನ್ನು ಪೊಲೀಸರು ಒಯ್ದರಂತೆ ಎಂದು ಕೇಳಿದ್ದೆವು. ಅಷ್ಟೇ ಕೇಳಿದ್ದೆವು.

"ಏಳ ವರ್ಷ ಕೊಟ್ಟಾರ್ರಿ" ಎಂದಳು ಅವಳು, ಕಟ್ಟೆಯ ತುದಿಗೆ ಕೂತು. "ಅರ್ಧ ಹಿಂಡು ಮಾರಿ ಹುಬ್ಬಳ್ಳಿ ವಕೀಲ್ರ ಕಡಿಂದ ಬೆಂಗಳೂರಿಗೆ ಅಪೀಲು ಹಾಕಿಸೇನಿ. ದೀಪಾವಳಿ ಆದ ಮ್ಯಾಲ ತಾರೀಖು ಐತಂತ. ಇಷ್ಟ ಕಾಗದ ಆಗ್ಯಾವ, ನಮ್ಮಾಂವನ ಬಗ್ಗಿ ಇದರಾಗ ಏನ ಬರದಾರ ಅಂತ ಯಾರೂ ಓದಿ ಹೇಳಿಲ್ರಿ ಅವ್ವಾರ."

ನನ್ನ ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತಿದರು. "ಓದವಾ ಓದು. ನಿಮ್ಮಪ್ಪ ಅಷ್ಟ ಖರ್ಚ ಮಾಡಿ ಓದಿಸಿದ್ದು ಗುಳಿಗಿ ಹೆಸರು ಓದಾಕಷ್ಟ ಅಲ್ಲ."

ಮೊದಲನೆಯದು ಜಿಲ್ಲಾ ಕೋರ್ಟಿನ ತೀರ್ಪಿನ ನಕಲು. ಕಾರ್ಬನ್ ಹಾಳೆಯ ಮೂರನೆಯದೋ ನಾಲ್ಕನೆಯದೋ ಪ್ರತಿ ಇರಬೇಕು, ಅಕ್ಷರಗಳ ಹೊಟ್ಟೆಯೆಲ್ಲ ಮಸಿ ತುಂಬಿ ಮುಚ್ಚಿಹೋಗಿತ್ತು. ಬೆಳಕಿಗೆ ಹಿಡಿದು, ಒಂದೊಂದು ವಾಕ್ಯ ಓದಿ, ಕನ್ನಡದಲ್ಲಿ ಹೇಳುತ್ತ ಹೋದೆ. ಸತ್ತವನಿಗೂ ಇವಳ ಗಂಡನಿಗೂ ವಾರದ ಹಿಂದೆ ಕುರಿಗಳು ಹತ್ತಿಯ ಹೊಲಕ್ಕೆ ನುಗ್ಗಿದ್ದಕ್ಕೆ ಜಗಳವಾಗಿತ್ತು. ಶಿವರಾತ್ರಿಯ ದಿನ ಹೊತ್ತು ಮುಳುಗುವಾಗ ಕಂಬಳಿ ಹೊದ್ದವನೊಬ್ಬ ಬಡಿಗೆ ಹಿಡಿದು ಓಡಿದ್ದನ್ನು ಒಬ್ಬ ಸಾಕ್ಷಿ ದೂರದಿಂದ ಕಂಡಿದ್ದ, ಇವನೇ ಅವನು ಎಂದಿದ್ದ. ಮುಂದಿನ ವಾಕ್ಯಕ್ಕೆ ಬಂದು ನಾನು ನಿಂತೆ. ತಾನು ಆ ಹೊತ್ತು ಬೇರೆ ತಾಲೂಕಿನಲ್ಲಿ ಯಾರೋ ಧಣಿಯ ಹೊಲದಲ್ಲಿ ಕುರಿಗಳೊಡನೆ ಇದ್ದೆನೆಂದು ಆರೋಪಿ ಹೇಳಿದ್ದಾನೆ. ಆ ಧಣಿಯ ಹೆಸರನ್ನು ಹೇಳಿಲ್ಲ, ಅವರನ್ನು ಸಾಕ್ಷಿಯಾಗಿ ಕರೆಸಿಲ್ಲ. ಆದ್ದರಿಂದ ಈ ಮಾತನ್ನು ನಂಬಲಾಗುವುದಿಲ್ಲ.

"ಹೇಳ್ಯಾನಲ್ರಿ" ಎಂದಳು ಅವಳು. "ಧಣ್ಯಾರ ಹೊಲದಾಗ ಇದ್ನಿ ಅಂತ ಸ್ಪಷ್ಟ ಹೇಳ್ಯಾನ. ನಾನ ಅಲ್ಲೆ ಹಿಂದ ನಿಂತಿದ್ನಿ."

"ಯಾವ ಧಣ್ಯಾರು?"

ಅವಳು ನನ್ನನ್ನು ಒಂದು ಕ್ಷಣ ವಿಚಿತ್ರವಾಗಿ ನೋಡಿದಳು. "ಧಣ್ಯಾರು ಅಂದ್ರ ನಮ್ಮ ಧಣ್ಯಾರರಿ. ನಿಮ್ಮ ಮಾವಾರು."

ಅತ್ತೆಯ ಮೊರ ನಿಂತಿತು. ನನಗೆ ಆ ಶಿವರಾತ್ರಿ ಪಾತ್ರೆ ಸಮೇತ ನೆನಪಾಯಿತು. ಮಾವ ಉಪವಾಸವಿದ್ದರು. ಇಳಿಹೊತ್ತಿಗೆ ಕುರಿ ಬಂದವು, ಜಾಗ ತೋರಿಸಿ ಬರುತ್ತೇನೆಂದು ಹೊರಟವರ ಕೈಗೆ ನಾನು ಕುದಿಸಿದ ಗೆಣಸನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದೆ. ಅವರು ಅದನ್ನು ಅಲ್ಲಿಯೇ ಕುರಿಗಾರನಿಗೆ ಕೊಟ್ಟು ಬಂದರು. ಮರುದಿನ ಇವಳೇ ಡಬ್ಬಿಯನ್ನು ಮಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿ ತಂದುಕೊಟ್ಟಿದ್ದಳು. ಕುಂದಗೋಳ ಕಡೆಯ ಆ ಹಳ್ಳಿಯಿಂದ ನಮ್ಮ ಹೊಲಕ್ಕೆ ಬರಲು ಎರಡು ಬಸ್ಸು ಬದಲಿಸಬೇಕು.

"ಹೆಸರು ಯಾಕ ಹೇಳಲಿಲ್ಲ?"

"ಧಣ್ಯಾರ ಹೆಸರ ಹಿಡದ ಹೇಳತಾರೇನ್ರಿ? ಅದೂ ಅಷ್ಟ ಮಂದಿ ಪೊಲೀಸ್ರ ಮುಂದ, ಕೊಲಿ ಕೇಸಿನ್ಯಾಗ?"

"ಆವಾಗಿನ ವಕೀಲ್ರು ಕೇಳಲಿಲ್ಲೇನು?"

"ಸರಕಾರದವ್ರು ಕೊಟ್ಟ ವಕೀಲ್ರಿ ಅವ್ರು. ಭಾಳ ಚಲೋರು, ಒಂದ ಸಲಾನೂ ನಮ್ಮ ಮ್ಯಾಲ ಸಿಟ್ಟ ಆಗಲಿಲ್ಲ. ಒಂದ ಕೈಯಾಗ ಫೈಲು, ಒಂದ ಕೈಯಾಗ ಚಾ. ಏನ ಹೇಳಿದ್ರೂ ಆತು ಆತು ಅಂತಿದ್ರು."

ನಾನು ಅವಳನ್ನು ಬೈಯುವ ಹಾಗಿರಲಿಲ್ಲ. ಮನೆ ಮನೆಗೆ ಬಂದು ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳುವವರು ಮನೆಯ ಯಜಮಾನರ ಹೆಸರೇನೆಂದು ಕೇಳಿದಾಗ ಪಕ್ಕದ ಮನೆಯ ಕಾಕಾನನ್ನು ಕರೆದು ಹೇಳಿಸಿದವಳು ನಾನು.

ಎರಡನೆಯದು ಅಪೀಲಿನ ನಕಲು. ಒಂದೂವರೆ ಪುಟ. ಅದರಲ್ಲಿ ಧಣಿ ಇಲ್ಲ, ಹೊಲ ಇಲ್ಲ, ಕುರಿ ಕೂಡ ಇಲ್ಲ. ಅಪೀಲುದಾರನು ಮಿಲ್ಲಿನಲ್ಲಿ ದುಡಿಯುವ ಬಡ ಯುವಕನೆಂದೂ, ಕುಡಿದ ಅಮಲಿನಲ್ಲಿ ಒಂದೇ ಸಲ ಚಾಕು ಬೀಸಿದ್ದಾನೆಂದೂ, ವಯಸ್ಸನ್ನು ನೋಡಿ ಶಿಕ್ಷೆ ಕಡಿಮೆ ಮಾಡಬೇಕೆಂದೂ ಇತ್ತು. ಬೇರೆ ಯಾರದೋ ಅಪೀಲನ್ನು ಮುಂದಿಟ್ಟುಕೊಂಡು ಮೇಲಿನ ಹೆಸರು, ಕೇಸಿನ ನಂಬರು ಮಾತ್ರ ಬದಲಿಸಿ ಹೊಡೆದಿದ್ದರು. ನಾನು ಎರಡು ಸಲ ಓದಿದೆ. ತಪ್ಪು ನನ್ನ ಇಂಗ್ಲಿಷಿನದೇ ಇರಲಿ ಎಂದು ಆಸೆಪಟ್ಟೆ.

"ಇದರಾಗ ನಿನ್ನ ಗಂಡ ಮಿಲ್ಲಿನ್ಯಾಗ ಕೆಲಸ ಮಾಡತಾನ ಅಂತ ಐತಿ" ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ಜೈಲಿನ್ಯಾಗ ಏನರ ಆ ಕೆಲಸಕ್ಕ ಹಚ್ಯಾರೇನ್ರಿ?"

ಚಾಕುವಿನ ಮಾತನ್ನು ನಾನು ಹೇಳಲಿಲ್ಲ. ಆದರೆ ಆ ಕಾಗದವೇ ಮೇಲೆ ಹೋದರೆ ಆಗುವುದೇನು ಎಂಬುದು ನನಗೆ ತಿಳಿದಿತ್ತು. ಕೊಂದದ್ದು ನಿಜ, ಸ್ವಲ್ಪ ದಯೆ ತೋರಿಸಿ ಎಂದು ಅವನ ಪರವಾಗಿ ಅವನ ವಕೀಲರೇ ಒಪ್ಪಿಕೊಂಡಂತೆ. ದೀಪಾವಳಿಗೆ ಎರಡೂವರೆ ತಿಂಗಳಿತ್ತು.

ಅಂದಿನಿಂದ ನನಗೆ ಒಂದು ಕಡೆ ಕೂಡಲು ಆಗಲಿಲ್ಲ. ಒಲೆಯ ಮುಂದೆ ಕೂತರೆ ಹಿತ್ತಲಿಗೆ ಹೋಗಬೇಕೆನಿಸುವುದು, ಹಿತ್ತಲಿಗೆ ಹೋದರೆ ಏನಕ್ಕೆ ಬಂದೆನೆಂದು ಮರೆಯುವುದು. ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿತ್ತು. ಹಾಲು ಉಕ್ಕಿ ಒಲೆ ಆರಿಹೋಗುತ್ತಿತ್ತು. ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಹೇಳುವುದನ್ನು ಅತ್ತೆಗೆ ಹೇಳಬೇಕು, ಅವರು ಪಡಸಾಲೆಗೆ ಒಯ್ಯುತ್ತಾರೆ. ಅತ್ತೆ ಅಂದು ಸಂಜೆಯೇ ಒಯ್ದರು. ನಾನು ನಡುಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ನನಗ ಯಾರೂ ಕೇಳಲಿಲ್ಲ" ಎಂದರು ಮಾವ. "ಕೇಳಿದ್ರ ಹೇಳತಿದ್ದೆ. ಸುಳ್ಳ ಕೇಸು ಇದ್ದ ಮ್ಯಾಲ ಕೋರ್ಟಿನವ್ರು ಬಿಟ್ಟಾರು ಅಂತ ಸುಮ್ಮನಿದ್ದೆ."

"ಕೇಳಾಕ ಅವ್ರಿಗೆ ಬಾಯಿ ಎಲ್ಲೈತ್ರಿ? ನೀವು ಎದುರಿಗೆ ಬಂದ್ರ ಚಪ್ಪಲಿ ಕಳದು ಕೈಯಾಗ ಹಿಡಕೋತಾರ. ಅಂಥವ್ರು ನಿಮ್ಮನ್ನ ಸಾಕ್ಷಿಗೆ ಬರ್ರಿ ಅಂತಾರೇನು?"

"ನಮ್ಮ ಮನಿತನದಾಗ ಇನ್ನೂತನಕ ಯಾರೂ ಕೋರ್ಟಿನ ಕಟ್ಟಿ ಹತ್ತಿಲ್ಲ."

"ಹತ್ತಬ್ಯಾಡ್ರಿ. ಆಂವ ಹತ್ಯಾನಲ್ಲ, ನಿಮ್ಮ ಪಾಲಿಂದೂ ಅವನ ಹತ್ತಲಿ."

ಮಾವ ನಾಲ್ಕೈದು ದಿನ ಊಟದಲ್ಲಿ ಎರಡನೆಯ ರೊಟ್ಟಿ ಬೇಡವೆಂದರು. ಬೆಳಗಿನ ಪೂಜೆಗೆ ಕೂತರೆ ಎಂದಿಗಿಂತ ತಡವಾಗಿ ಏಳುತ್ತಿದ್ದರು. ನಾನು ಕಾಯಲಾರದೆ ಹುಬ್ಬಳ್ಳಿಯ ವಕೀಲರಿಗೆ ಕಾಗದ ಬರೆಯಲು ಕೂತೆ. ನಾಲ್ಕು ಸಲ ಬರೆದು ಹರಿದು ಐದನೆಯ ಸಲ ಎರಡು ಪುಟದ ಇಂಗ್ಲಿಷ್ ಪತ್ರ ಸಿದ್ಧವಾಯಿತು. ಅಪೀಲಿನಲ್ಲಿರುವುದು ಬೇರೆ ಯಾರದೋ ಕಥೆ ಎಂದು ಬರೆದೆ. ಶಿವರಾತ್ರಿಯ ಸಂಜೆ ಬರೆದೆ, ಹೊಲ ಬರೆದೆ, ಗೆಣಸನ್ನೂ ಬರೆದೆ. ವ್ಯಾಕರಣದಲ್ಲಿ ಸಿಸ್ಟರ್ ಕೂಡ ತಪ್ಪು ಹುಡುಕಲಾರರು ಎಂಬ ಸಣ್ಣ ಹೆಮ್ಮೆಯೂ ಆಯಿತು. ಉತ್ತರ ಬರಲಿಲ್ಲ. ಅಂಚೆಯವನ ಸೈಕಲ್ಲಿನ ಸದ್ದಿಗೆ ನಾನು ಎದ್ದು ಬಾಗಿಲಿಗೆ ಹೋಗುವುದು, ಅವನು ದೂರದಿಂದಲೇ ಕೈಯಾಡಿಸಿ ಮುಂದೆ ಹೋಗುವುದು. ಗಣಪತಿ ಹಬ್ಬ ಬಂತು, ಹೋಯಿತು. ಕುರಿಗಾರನ ಹೆಂಡತಿ ತಾನು ತಂಗಿದ್ದ ಪಕ್ಕದ ಊರಿನಿಂದ ವಾರಕ್ಕೊಮ್ಮೆ ಬಂದು ಏನೂ ಕೇಳದೆ ಕಟ್ಟೆಯ ಮೇಲೆ ಕೂತು, ಅತ್ತೆ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದಳು. ಕೇಳದೆ ಕೂಡುವುದೇ ಅವಳ ಕೇಳುವ ರೀತಿ.

ಮಹಾನವಮಿಗೆ ಇನ್ನು ಹತ್ತು ದಿನವಿದ್ದಾಗ, ಒಂದು ಬೆಳಿಗ್ಗೆ ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಮಾವ ಪಡಸಾಲೆಯಿಂದ ಅತ್ತೆಗೆ ಕೇಳುವಂತೆ, ನನಗೂ ಕೇಳುವಂತೆ ಹೇಳಿದರು.

"ನಿನ್ನ ಸೊಸಿಗೆ ಹೇಳು, ಹತ್ತರ ಬಸ್ಸಿಗೆ ತಯಾರಾಗಲಿ. ಆ ಕಾಗದ ತಗೊಳ್ಳಲಿ. ಆ ಹೆಣ್ಮಗಳಿಗೂ ಹೇಳಿ ಕಳಸು. ಹುಬ್ಬಳ್ಳಿಗೆ ಹೋಗೂಣು."

ವಕೀಲರ ಆಫೀಸು ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿತ್ತು. ಮೇಜಿನ ಮೇಲೆ ಕೆಂಪು ದಾರ ಕಟ್ಟಿದ ಫೈಲುಗಳು ಎಷ್ಟಿದ್ದವೆಂದರೆ ಅವರು ಒಂದನ್ನು ಸರಿಸಿ ನಮ್ಮ ಮುಖ ನೋಡಬೇಕಾಯಿತು. ಮಾವನ ರುಮಾಲು ಕಂಡು ಎದ್ದು ಕುರ್ಚಿ ಕೊಟ್ಟರು. ನನಗೆ ಒಂದು ಸ್ಟೂಲು. ಅವಳು ಗೋಡೆಗೊರಗಿ ನಿಂತಳು.

"ಯಾವ ಕೇಸ್ರಿ? ಹಾಂ, ಆ ಮಿಲ್ಲಿನ ಹುಡುಗಂದೇನು?"

"ಕುರಿ ಕಾಯೂವಂದು" ಎಂದರು ಮಾವ. ನಂತರ, ಮದುವೆಯಾಗಿ ಬಂದ ಆರು ವರ್ಷಗಳಲ್ಲಿ ಮೊದಲ ಸಲ, ನೇರವಾಗಿ ನನ್ನ ಕಡೆ ತಿರುಗಿದರು. "ಓದವಾ. ಅವ್ರು ಬರದದ್ದನ್ನ ಅವ್ರಿಗೆ ಓದಿ ತೋರಿಸು."

ನನ್ನ ಧ್ವನಿ ಶಾಲೆಯ ಹುಡುಗಿಯ ಧ್ವನಿಯಂತೆ ಬಂತು. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ಈ ಸಲ ಚಾಕುವಿನ ವಾಕ್ಯವನ್ನೂ ಬಿಡಲಿಲ್ಲ. ಗೋಡೆಯ ಕಡೆ ನೋಡದೆ ಓದಿ ಮುಗಿಸಿದೆ.

"ಟೈಪ್ ಮಾಡೂವಂದು ತಪ್ಪಾಗಿರತೈತ್ರಿ" ಎಂದರು ವಕೀಲರು. "ಅದೇನ ದೊಡ್ಡದಲ್ಲ. ಅಕ್ಕಾರ, ಇಂಗ್ಲಿಷ್ ಓದಿದಷ್ಟ ಹಗೂರ ಅಲ್ರಿ ಕಾಯಿದೆ. ಅಪೀಲಿನ್ಯಾಗ ಹೊಸಾ ಸಾಕ್ಷಿ ನಡಿಯೂದಿಲ್ಲ. ಶಿಕ್ಷಾ ಕಡಿಮಿ ಮಾಡ್ರಿ ಅಂತ ಕೇಳೂಣು, ಒಂದೆರಡ ವರ್ಷ ಬಿಡಸತೀನಿ."

"ಮಾಡಲಾರದ ಕೊಲಿಗೆ ಐದ ವರ್ಷ ಏನ್ರಿ?" ಎಂದಳು ಅವಳು ಗೋಡೆಯ ಹತ್ತಿರದಿಂದ.

ವಕೀಲರು ಫೈಲನ್ನು ಬದಿಗೆ ಸರಿಸಿದರು. ಮಾವ ಉತ್ತರಿಸಿದರು. "ನಡಿಯೂದಿಲ್ಲ ಅಂತ ಕೋರ್ಟ ಹೇಳಲಿ ವಕೀಲ್ರ. ನೀವು ಮೊದಲ ಕೇಳ್ರಿ. ನಮ್ಮ ಸೊಸಿ ನಿಮಗ ಕಾಗದ ಬರದಿದ್ಲು, ಅದನ್ನರ ಓದೀರೇನು?"

ಫೈಲಿನಲ್ಲಿ ನನ್ನ ಕಾಗದ ಇತ್ತು. ಒಡೆದಿರಲಿಲ್ಲ. ಅವರು ಲಕೋಟೆ ಹರಿದು ನಿಧಾನವಾಗಿ ಎರಡೂ ಪುಟ ಓದಿದರು. ಮುಖದಲ್ಲಿ ಸ್ವಲ್ಪ ಸಂಕೋಚ ಬಂದು ಹೋಯಿತು. ಮತ್ತೆ ಮೊದಲ ಪುಟಕ್ಕೆ ತಿರುವಿ ಏನೋ ಹುಡುಕಿದರು.

"ಭಾಳ ಚಲೋ ಬರದೀರಿ ಅಕ್ಕಾರ. ಆದ್ರ ಆ ಧಣಿ ಯಾರು ಅಂತ ಇದರಾಗೂ ಇಲ್ಲಲ್ರಿ. ನಮ್ಮ ಮಾವಾರು, ನಮ್ಮ ಮಾವಾರು ಅಂತ ಎಂಟ ಸಲ ಐತಿ. ಹೆಸರು ಎಲ್ಲೈತಿ?"

ಐದು ಸಲ ಬರೆದಿದ್ದೆ, ಐದು ಸಲವೂ ಬಿಟ್ಟಿದ್ದೆ. ಬಿಟ್ಟದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಜಡ್ಜರು ತೀರ್ಪಿನಲ್ಲಿ ಬೆರಳಿಟ್ಟು ತೋರಿಸಿದ ತಪ್ಪನ್ನು ಓದಿ ಹೇಳಿದವಳು ನಾನು, ಅದನ್ನೇ ಮತ್ತೆ ಮಾಡಿದವಳೂ ನಾನು. ವಕೀಲರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಅಲ್ಲಿಯೇ ನನ್ನ ಕಡೆ ತಿರುಗಿತು, ಇನ್ನೂ ಅದು ಪೂರ್ತಿ ಹೋಗಿಲ್ಲ.

ಮಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಬರಕೋರಿ" ಎಂದು ತಮ್ಮ ಹೆಸರು ಹೇಳಿದರು, ತಂದೆಯ ಹೆಸರು, ಅಡ್ಡಹೆಸರು, ಊರು, ಹೊಲದ ಸರ್ವೆ ನಂಬರು, ನಾಲ್ಕೂ ದಿಕ್ಕಿನ ಹೊಲ ಯಾರದೆಂಬುದು. ವಕೀಲರ ಪೆನ್ನು ಅವರ ಮಾತಿನ ಹಿಂದೆ ಓಡಿತು. ನಾನು ನೆಲ ನೋಡುತ್ತಿದ್ದೆ. ಕುರಿಗಾರನ ಹೆಂಡತಿ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು, ಕೇಳಬಾರದ್ದನ್ನು ಕೇಳಿಸಿಕೊಂಡವರ ಹಾಗೆ.

ಆ ಮಧ್ಯಾಹ್ನ ಪೂರ್ತಿ ನಾವು ಅಲ್ಲಿಂದ ಏಳಲಿಲ್ಲ. ಮಾವನ ಪ್ರಮಾಣಪತ್ರ ಟೈಪಾಯಿತು. ನಾನು ಪ್ರತಿ ಹಾಳೆಯನ್ನೂ ಓದಿ, ಎರಡು ಕಡೆ ತಿದ್ದಿಸಿ, ಮತ್ತೆ ಓದಿದೆ. ಟೈಪಿಸ್ಟ್ ಮುದುಕರು ಕನ್ನಡಕದ ಮೇಲಿನಿಂದ ನೋಡಿ, "ನಿಮ್ಮಂಥವ್ರು ತಿಂಗಳಿಗೊಬ್ರು ಬಂದ್ರ ನನ್ನ ನೌಕರಿ ಹೋಗತೈತಿ ತಂಗಿ" ಎಂದರು. ವಕೀಲರು ಕೊನೆಗೆ ಚಹಾ ತರಿಸಿದರು. ಕೆಟ್ಟ ಮನುಷ್ಯರಲ್ಲ. ಫೈಲಿನೊಳಗೆ ಒಬ್ಬ ಮನುಷ್ಯನಿದ್ದಾನೆಂದು ಯಾರಾದರೂ ಬಂದು ಹೇಳುವ ತನಕ ಅವರಿಗೆ ನೆನಪಾಗುತ್ತಿರಲಿಲ್ಲ, ಅಷ್ಟೇ. ಒಬ್ಬನ ಏಳು ವರ್ಷ ಕಳೆಯಲು ಆ 'ಅಷ್ಟೇ' ಸಾಕಾಗುತ್ತಿತ್ತು.

ಹೊಸ ಸಾಕ್ಷಿ ನಡೆಯುವುದಿಲ್ಲ ಎಂಬ ಅವರ ಮಾತು ಸರಿಯಿರಲಿಲ್ಲ. ನ್ಯಾಯಕ್ಕೆ ಅವಶ್ಯ ಎನಿಸಿದರೆ ಮೇಲಿನ ಕೋರ್ಟು ಹೊಸದಾಗಿ ಸಾಕ್ಷಿ ಕೇಳಬಹುದು ಎಂದು ಕಾಯಿದೆಯಲ್ಲೇ ಇದೆಯಂತೆ. ಬೆಂಗಳೂರಿನಲ್ಲಿ ವಾದಿಸಿದ ಕಿರಿಯ ವಕೀಲರು ಅದನ್ನೇ ಹಿಡಿದರು. ದೀಪಾವಳಿಯ ತಾರೀಖು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಆದೇಶ ಬಂತು. ಧಣಿಯ ಸಾಕ್ಷ್ಯವನ್ನು ಜಿಲ್ಲಾ ಕೋರ್ಟಿನಲ್ಲಿ ಬರೆದುಕೊಂಡು ಮೇಲಕ್ಕೆ ಕಳಿಸಬೇಕು.

ಸಾಕ್ಷ್ಯದ ದಿನ ನಾನೂ ಅವಳೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಅವಳ ಗಂಡನನ್ನು ಇಬ್ಬರು ಪೊಲೀಸರು ಕರೆತಂದು ಕೂರಿಸಿದರು. ಬಿಸಿಲಿಲ್ಲದ ಎರಡು ವರ್ಷದಲ್ಲಿ ಅವನ ಬಣ್ಣ ಬಿಳಿಚಿಕೊಂಡಿತ್ತು, ಗುರುತೇ ಸಿಗಲಿಲ್ಲ. ಮಾವ ಕಟಕಟೆಯ ಮೆಟ್ಟಿಲು ಹತ್ತಿದ ಕೂಡಲೇ ಅವನು ಎದ್ದು ನಿಂತ. ಪೊಲೀಸಿನವನು ಅಂಗಿ ಜಗ್ಗಿ ಕೂರಿಸಿದ. ಮತ್ತೆ ಎದ್ದ. ಮೂರನೆಯ ಸಲಕ್ಕೆ ಪೊಲೀಸಿನವನೇ ಬೇಸತ್ತು ಬಿಟ್ಟ. ಮಾವ ಹೇಳಿಕೆ ಕೊಡುವಷ್ಟು ಹೊತ್ತೂ ಅವನು ತಲೆ ತಗ್ಗಿಸಿ ನಿಂತೇ ಇದ್ದ.

ಸರಕಾರಿ ವಕೀಲರು ಕೇಳಿದರು. "ಇಷ್ಟ ಗೊತ್ತಿದ್ದಾವ್ರು ಎರಡ ವರ್ಷ ಯಾಕ ಸುಮ್ಮನಿದ್ರಿ? ಈಗ ಯಾರರ ಕಲಿಸಿಕೊಟ್ರೇನು?"

ಮಾವ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು, ಬಳೆ ಚುಚ್ಚಿತು.

"ಕೇಳಲಿ ಅಂತ ಕಾದೆ ಸಾಹೇಬ್ರ. ಕೇಳೂದು ಅವ್ರ ಕೆಲಸ ಅನ್ನಕೊಂಡೆ. ತಪ್ಪು ನಂದು, ಅವಂದಲ್ಲ."

ಜಡ್ಜರು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ನಾನು ಕಿವಿಗೊಟ್ಟು ಕೇಳಿದೆ. ಸರಿಯಾಗಿಯೇ ಬರೆಸಿದರು.

ಅವನು ಬಿಡುಗಡೆಯಾಗಿ ಬಂದದ್ದು ಮುಂದಿನ ಮುಂಗಾರಿಗೆ. ಬಂದ ಮರುದಿನವೇ ಉಳಿದ ಕುರಿಗಳ ಹಿಂದೆ ಹೋದನಂತೆ. ಅವಳು ಮಾತ್ರ ಒಂದು ವಾರದ ಮೇಲೆ ಬೆಂಗಳೂರಿನ ತೀರ್ಪಿನ ನಕಲನ್ನು ತಂದಳು. ಈ ಸಲ ಅಕ್ಷರಗಳು ಸ್ವಚ್ಛವಾಗಿದ್ದವು. ಮಾವನ ಹೆಸರು ಮೂರು ಕಡೆ ಇತ್ತು, ಅಡ್ಡಹೆಸರಿನ ಸಮೇತ. ನಾನು ಓದುತ್ತ ಕನ್ನಡದಲ್ಲಿ ಹೇಳಿದೆ. ಧಣಿಯ ಸಾಕ್ಷ್ಯವನ್ನು ತಳ್ಳಿಹಾಕಲು ಕಾರಣವಿಲ್ಲ, ಕಂಬಳಿಯ ಗುರುತು ಸಾಲದು, ಆರೋಪ ಸಂಶಯವಿಲ್ಲದೆ ಸಾಬೀತಾಗಿಲ್ಲ, ಆದ್ದರಿಂದ ಸಂಶಯದ ಲಾಭವನ್ನು ಆರೋಪಿಗೆ ಕೊಟ್ಟು ಬಿಡುಗಡೆ ಮಾಡಿದೆ.

"ಸಂಶಯ ಯಾರ ಮ್ಯಾಲರಿ?" ಎಂದಳು.

"ಅಂದ್ರ... ಅವನ ಮಾಡ್ಯಾನ ಅಂತ ಖಾತ್ರಿ ಇಲ್ಲ, ಅದಕ್ಕ ಬಿಟ್ಟಾರ."

"ಬಿಟ್ಟದ್ದು ಗೊತ್ತೈತ್ರಿ, ಕುರಿ ಕಾಯಕೋತ ಅದಾನ. ಮಾಡಿಲ್ಲ ಅಂತ ಎಲ್ಲಿ ಬರದಾರ ತೋರಸ್ರಿ."

ನಾನು ಕೊನೆಯ ಪುಟವನ್ನು ಮತ್ತೆ ಓದಿದೆ. ಅದರ ಹಿಂದಿನ ಪುಟವನ್ನೂ ಓದಿದೆ. ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಕಾಯಿದೆಯ ಭಾಷೆ ಹೀಗೆಯೇ ಇರುತ್ತದೆ, ಬಿಡುಗಡೆ ಎಂದರೆ ಬಿಡುಗಡೆಯೇ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳ ಕಣ್ಣು ಕಾಗದದ ಮೇಲೆ ನನ್ನ ಬೆರಳು ಹೋಗುವ ಕಡೆಗೆಲ್ಲ ಹೋಗುತ್ತಿತ್ತು.

"ಹಂಗ ಬರದಿಲ್ಲ" ಎಂದೆ.

ಅವಳು ತಲೆಯಾಡಿಸಿದಳು. ಕಾಗದವನ್ನು ಇಸಕೊಂಡು, ಮಡಿಕೆ ತಪ್ಪದಂತೆ ಮಡಚಿ, ಪ್ಲಾಸ್ಟಿಕ್ ಚೀಲದೊಳಗೆ ಇಟ್ಟಳು. ಎದ್ದು ಹಿತ್ತಲ ಬಾಗಿಲ ತನಕ ಹೋದವಳು ನಿಂತು ತಿರುಗಿದಳು.

"ಅವ್ವಾರ, ಇದಕ್ಕೂ ಅಪೀಲು ಹಾಕಾಕ ಬರತೈತೇನ್ರಿ?"